ಬಂಡೆಯ ಮೇಲೊಂದು ಕಲ್ಲು

"ಥೂ ಮುಂಡೇದೇ! ಮತ್ತೆ ಮಡಗಿದ್ದೀಯಾ ಕಲ್ಲು? ಇದೇನ್ ನಿಮ್ಮಪ್ಪನ ಮನೇನಾ?"

ಮೇಸ್ತ್ರಿ ಸ್ತಾಥಿಸ್ ಬೂಟುಗಾಲಲ್ಲಿ ಒದ್ದ ಕಲ್ಲು ಉರುಳಿ, ಗಾಜಿನ ಗೋಡೆಗೆ ಗೇಣು ದೂರದಲ್ಲಿ ನಿಂತಿತು. ದ್ರಾನ ನೆಲ ಒರೆಸುತ್ತಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದಳು. ಅದೇ ಕಲ್ಲನ್ನು ತಂದು ಬಂಡೆಯ ಮೇಲೆ ಇಟ್ಟಳು.

ಬಂಡೆ ಇದ್ದದ್ದು ನಡುಮನೆಯಲ್ಲೇ. ಗ್ರೀಸಿನ ಆ ಒಣ ದ್ವೀಪದಲ್ಲಿ ಗುಡ್ಡ ಕಡಿಯದೆ, ಬಂಡೆ ಒಡೆಯದೆ, ಅದರ ಸುತ್ತಲೇ ಮನೆ ಎಬ್ಬಿಸಬೇಕೆಂದು ಅಥೆನ್ಸಿನ ಆರ್ಕಿಟೆಕ್ಟ್ ನಕ್ಷೆ ಬರೆದಿದ್ದ. ಗೋಡೆಗೆ ಗುಡ್ಡದ್ದೇ ಕಲ್ಲು, ಚಾವಣಿಯ ಮೇಲೆ ಗುಡ್ಡದ್ದೇ ಮುಳ್ಳುಪೊದೆ. ಮನುಷ್ಯರ ಕೈ ತಾಗಿದ ಹಾಗೇ ಕಾಣಬಾರದಂತೆ. ಕಟ್ಟಿದ ಕೈಗಳೆಲ್ಲ ಗಡಿ ದಾಟಿ ಕೂಲಿಗೆ ಬಂದ ಅಲ್ಬೇನಿಯಾದವರವು. ಅವನ್ನು ಕಾಣದ ಹಾಗೆ ಮಾಡುವುದೇನು ಮಹಾ ಕಷ್ಟ!

ಚಾವಣಿ ಹಾಕುವಾಗ, ನಿಲ್ಲಲು ಕಟ್ಟಿದ ಸಾರುವೆ ಬಿಗಿಯಾಗಿಲ್ಲವೆಂದು ದ್ರಾನಳ ತಮ್ಮ ಪ್ರೆಂಗ್ ಹೇಳಿದ್ದ. "ಪುಕ್ಕಲು ನನ್ಮಗನೇ, ಊರಿಗೋಗಿ ಮೇಕೆ ಕಾಯಿ" ಅಂದಿದ್ದ ಸ್ತಾಥಿಸ್. ಪ್ರೆಂಗ್ ಬಿದ್ದದ್ದು ಈ ಬಂಡೆಯ ಮೇಲೆ. ಕುಡಿದಿದ್ದನೆಂದು ಪೊಲೀಸರಿಗೆ ಹೇಳಿದರು. ಬಂಡೆ ತೊಳೆಯಲು ದ್ರಾನಳನ್ನೇ ಕರೆದರು.

ಅವಳ ಬೆಟ್ಟದೂರಿನಲ್ಲಿ ಯಾರಾದರೂ ಹೀಗೆ ಹೊರಗೆ ಸತ್ತರೆ ಸತ್ತ ಜಾಗದಲ್ಲಿ ಕಲ್ಲು ಪೇರಿಸುತ್ತಾರೆ, ಮುರಾನ ಅನ್ನುತ್ತಾರೆ. ಆ ದಾರಿಯಲ್ಲಿ ಹಾದವರೆಲ್ಲ ಒಂದೊಂದು ಕಲ್ಲು ಇಡಲೇಬೇಕು. ಇಡದೆ ಹೋದವನ ಮನೆಯಲ್ಲಿ ಯಾರೂ ನೀರು ಕೂಡ ಕುಡಿಯುವುದಿಲ್ಲ.

ಮಧ್ಯಾಹ್ನ ಆರ್ಕಿಟೆಕ್ಟ್ ಫೋಟೋದವನನ್ನು ಕರೆದುಕೊಂಡು ಬಂದ. ಬಂಡೆಯ ಮೇಲಿನ ಕಲ್ಲು ನೋಡಿ ಹುಬ್ಬು ಗಂಟು ಹಾಕಿದ.

"ಅದನ್ನ ತೆಗೀಮ್ಮ. ಬಂಡೆ ಪ್ರಕೃತಿ ಇಟ್ಟ ಹಾಗೇ ಇರಬೇಕು."

"ನನ್ ತಮ್ಮ ಸತ್ತಿದ್ದು ಅದ್ರ ಮ್ಯಾಲೆ, ಸ್ವಾಮಿ."

ಅವನು ಗಡಿಯಾರ ನೋಡಿಕೊಂಡ. "ಗೊತ್ತು, ಪಾಪ. ಆಮೇಲೆ ಮಾತಾಡೋಣ. ಬೆಳಕು ಹೋಗ್ತಿದೆ."

ದ್ರಾನಳ ಮೈ ಉರಿದುಹೋಯಿತು. ಕದಲಲಿಲ್ಲ.

"ತೆಗಿಯೇ ಅಂದ್ರೆ!" ಸ್ತಾಥಿಸ್ ಕಿರುಚಿದ. "ಇಲ್ದಿದ್ರೆ ಇವತ್ತೇ ಗಂಟುಮೂಟೆ ಕಟ್ಟು."

"ಕಟ್ತೀನಿ ಬಿಡು. ನಿಂಗೆ ಧೈರ್ಯ ಇದ್ರೆ ನೀನೇ ತೆಗಿ. ಒದಿಯೋದಲ್ಲ, ಕೈಯಾಗೆ ಮುಟ್ಟು."

ಸ್ತಾಥಿಸ್ ಬಗ್ಗಿದ. ಅಷ್ಟರಲ್ಲಿ ಬಾಗಿಲಲ್ಲಿ ಸದ್ದಾಯಿತು. ಕಲ್ಲುಗೋಡೆ ಕಟ್ಟುವ ಮುದುಕ ಲೆಕ, ಮಣ್ಣು ಮೆತ್ತಿದ ಬೂಟಿನಲ್ಲೇ ಹೊಳೆಯುವ ನೆಲ ತುಳಿದುಕೊಂಡು ಬರುತ್ತಿದ್ದ. ಕೈಯಲ್ಲಿ ಕಲ್ಲು.

"ಬೂಟು ಬಿಚ್ಚೋ ಹಲ್ಕಾ ನನ್ಮಗನೇ!"

ಲೆಕ ತಿರುಗಿಯೂ ನೋಡಲಿಲ್ಲ. ಕಲ್ಲು ಇಟ್ಟು, ಬಂಡೆ ಸವರಿ, "ತಡ ಆಯ್ತು ಕಣಪ್ಪಾ ಪ್ರೆಂಗ, ಬೈಕೋಬ್ಯಾಡ" ಅಂದ. ದ್ರಾನಳಿಗೆ ಆಗಲೇ ಅಳು ಬಂದದ್ದು. ಅವನ ಹಿಂದೆ ಇನ್ನೊಬ್ಬ ಬಂದ, ಮತ್ತೊಬ್ಬ ಬಂದ. ಎಲ್ಲರ ಕೈಯಲ್ಲೂ ಕಲ್ಲು.

ಗಾಜಿನಾಚೆ ನೋಡಿದ ಆರ್ಕಿಟೆಕ್ಟ್ ಬೆಚ್ಚಿದ. ಗಾರೆಯಿಲ್ಲದೆ ಕಟ್ಟಿದ್ದ ಅಂಗಳದ ಗೋಡೆಯಿಂದ ಆಳುಗಳು ಒಂದೊಂದೇ ಕಲ್ಲು ಕೀಳುತ್ತಿದ್ದರು.

"ಅಯ್ಯೋ, ನನ್ನ ಗೋಡೆ!"

"ನಾವ್ ಕಟ್ಟಿದ್ದು" ಅಂದಳು ದ್ರಾನ. ಕಣ್ಣೊರೆಸಿಕೊಂಡು, ಬಂದವನೊಬ್ಬನ ಕೈಯಿಂದ ಕಲ್ಲು ತೆಗೆದುಕೊಂಡು ಆರ್ಕಿಟೆಕ್ಟನ ಎದೆಯ ಮುಂದೆ ಹಿಡಿದಳು.

"ನೀವೂ ಈ ದಾರೀಲಿ ಬಂದ್ರಲ್ಲ. ಇಡಿ."

ಅವನು ಎರಡೂ ಕೈಗಳನ್ನು ಜೇಬಿಗೆ ತುರುಕಿಕೊಂಡ. ದ್ರಾನ ಕಲ್ಲನ್ನು ಹಿಡಿದುಕೊಂಡೇ ನಿಂತಳು. ಅಂಗಳದಲ್ಲಿ ಇನ್ನೊಂದು ಕಲ್ಲು ಕಿತ್ತ ಸದ್ದಾಯಿತು.