ಗೋಡೆಯ ಮೇಲಿನ ಗುಬ್ಬಿಗಳು

ಗಾರೆಯವನು ಅಟ್ಟಣಿಗೆ ಹತ್ತಿ ಉಳಿ ಕೈಗೆತ್ತಿಕೊಂಡಾಗ ಚರ್ಚಿನೊಳಗೆ ಬೆಳಗಿನ ಬಿಸಿಲು ಆಗಷ್ಟೇ ಬಿದ್ದಿತ್ತು. ಬಲಿಪೀಠದ ಹಿಂದಿನ ಗೋಡೆಯ ತುಂಬ ಗಾರೆಯಲ್ಲೇ ಎಬ್ಬಿಸಿದ ಗೋಧಿಯ ತೆನೆಗಳು, ದ್ರಾಕ್ಷಿಯ ಬಳ್ಳಿ, ತೆನೆ ತೆನೆಗೂ ಎರಗಿದ ಗುಬ್ಬಿಗಳು. ಗೋಡೆ ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಹಳೆ ಗಾರೆಗೆ ಉಳಿಯಿಂದ ಕಚ್ಚು ಹೊಡೆಯದೆ ಹೊಸದು ಹಿಡಿಯುವುದಿಲ್ಲ. ಇವತ್ತು ಅಷ್ಟನ್ನೂ ಕೊಚ್ಚಿ, ನಾಳೆ ನುಣ್ಣಗೆ ಬಳಿದು ಬಿಳಿ ಗೋಡೆ ಮಾಡಬೇಕೆಂಬುದು ಹೊಸ ಪಾದ್ರಿಯ ಅಪ್ಪಣೆ.

"ಜನ ದೇವರನ್ನ ನೋಡೋಕೆ ಬರ್ತಾರೋ, ಹಕ್ಕಿ ನೋಡೋಕೋ?" ಎಂದಿದ್ದರು ಪಾದ್ರಿ. "ನೀನೇ ಹೇಳು, ಚಿಕ್ಕಂದಿನಿಂದ ಬರ್ತಿದ್ದೀಯ. ಕೇಳಿದ ಒಂದು ಉಪದೇಶ ನೆನಪಿದೆಯಾ?"

"ಸುಳ್ಳು ಯಾಕೆ ಫಾದರ್, ಒಂದೂ ಇಲ್ಲ. ಗುಬ್ಬಿ ಮಾತ್ರ ಒಂದೊಂದೂ ನೆನಪಿದೆ."

"ನೋಡಿದೆಯಾ!"

ಗಾರೆಯವನಿಗೂ ಆಗ ಮಾತು ಸರಿಯೆನ್ನಿಸಿತ್ತು. ಈಗ ಮೊಳದ ದೂರದಲ್ಲಿ ಕೂತಾಗ ಕೈ ಮುಂದಾಗಲಿಲ್ಲ. ಒಂದೊಂದು ಗರಿಯನ್ನೂ ಯಾರೋ ಹಸಿ ಸುಣ್ಣದಲ್ಲಿ ಉಗುರಿನಿಂದ ಗೀರಿದ್ದರು. ತನ್ನದೇ ಕಸುಬು, ಆದರೆ ತನಗೆ ಬಾರದ ಕೈ. ಏನು ಮಾಡುವುದು, ಒಪ್ಪಿಕೊಂಡ ಕೆಲಸ. ಕಣ್ಣು ಕಿರಿದು ಮಾಡಿ ಒಂದೇಟು ಹಾಕಿದ. ಅಂಚಿನ ಗುಬ್ಬಿಯ ಕೊಕ್ಕು ಕಾಳಿನ ಸಮೇತ ಕೆಳಗೆ ಬಿತ್ತು.

"ಯಾರಪ್ಪಾ ನಿನ್ನ ಕೈಗೆ ಉಳಿ ಕೊಟ್ಟವರು!" ಬೆಂಚುಗಳ ನಡುವೆ ಗುಡಿಸುತ್ತಿದ್ದ ಅವನ ದೊಡ್ಡಮ್ಮ ಪೊರಕೆ ಎತ್ತಿ ನಿಂತಿದ್ದಳು.

"ಫಾದರ್ ಹೇಳಿದ್ದು ದೊಡ್ಡಮ್ಮ. ಇವಿದ್ರೆ ಭಕ್ತಿ ಕೆಡುತ್ತಂತೆ."

"ಯಾರದ್ದು? ನನ್ನದಾ?"

ಗಲಾಟೆಗೆ ಪಾದ್ರಿ ಒಳಕೋಣೆಯಿಂದ ಬಂದರು. ದೊಡ್ಡಮ್ಮ ಅವರನ್ನೂ ಬಿಡಲಿಲ್ಲ.

"ವಾರವೆಲ್ಲ ಹೊಲದಲ್ಲಿ ನಿಂತು ಹಕ್ಕಿಗೆ ಕಲ್ಲು ಬೀಸ್ತೀನಿ ಫಾದರ್. ಒಂದು ತೆನೆ ಮುಟ್ಟಿದ್ರೆ ಅದರ ವಂಶಾನೇ ಬೈತೀನಿ. ಭಾನುವಾರ ಇಲ್ಲಿ ಕೂತ್ರೆ ಅವೇ ಹಕ್ಕಿ, ಅದೇ ತೆನೆ. ಹೊಟ್ಟೆ ತುಂಬ ತಿಂತಿರ್ತವೆ, ಓಡಿಸೋರು ಯಾರೂ ಇಲ್ಲ. ಅಯ್ಯೋ, ತಿನ್ನಲಿ ಬಿಡು ಅನ್ಸುತ್ತೆ. ದೇವರ ಹೊಲ ಹೀಗೇ ಇರುತ್ತೇನೋ ಅನ್ಸುತ್ತೆ. ವಾರಕ್ಕೆ ಅದೊಂದು ಗಳಿಗೆ ನನ್ನ ಮುಷ್ಟಿ ಸಡಿಲ ಆಗುತ್ತೆ. ನಿಮ್ಮ ಬಿಳಿ ಗೋಡೆ ನೋಡಿ ಏನಂದ್ಕೊಳ್ಳಲಿ? ಕೊಟ್ಟಿಗೇಲೂ ಅದೇ ಇದೆ!"

ಪಾದ್ರಿ ತಿರುಗಿ ಗೋಡೆಯತ್ತ ನೋಡಿದರು. ನಿಜ ಹೇಳಬೇಕೆಂದರೆ ಅವರು ಆ ಗೋಡೆಯನ್ನು ನೋಡಿದ್ದೇ ಕಡಿಮೆ; ಪೂಜೆಯ ಹೊತ್ತಿನಲ್ಲಿ ಅದು ಅವರ ಬೆನ್ನ ಹಿಂದಿರುತ್ತಿತ್ತು.

"ಬನ್ನಿ, ನನ್ನ ಜಾಗದಲ್ಲಿ ಕೂತ್ಕೊಳ್ಳಿ," ಎಂದು ದೊಡ್ಡಮ್ಮ ಬೆಂಚಿನ ಧೂಳು ಕೊಡವಿದಳು.

ಕೂತರು. ಬಿಸಿಲು ಗೋಡೆಯ ಮೇಲೆ ಸರಿದಂತೆ ತೆನೆಗಳ ನೆರಳು ಹೊರಳಿ, ಗುಬ್ಬಿಗಳು ಒಂದೊಂದಾಗಿ ಕತ್ತು ತಿರುಗಿಸಿದ ಹಾಗೆ ಕಂಡವು.

"ಆ ಮೂಲೆಯದು ತಾನು ತಿಂತಾ ಇಲ್ಲ," ಎಂದರು ಪಾದ್ರಿ ಕೊನೆಗೆ, ತುಸು ನಾಚುತ್ತ. "ಮರಿಗೆ ಕೊಡ್ತಿದೆ." ಆಮೇಲೆ ಮೇಲೆ ನೋಡಿ, "ಉಳಿ ಇಳಿಸಪ್ಪಾ. ಬಿರುಕು ಮುಚ್ಚಿದ್ರೆ ಸಾಕು," ಎಂದರು.

ಕೊಚ್ಚುವುದು ತಪ್ಪಿತು. ಮುರಿದ ಕೊಕ್ಕು ಮಾತ್ರ ಗಾರೆಯವನ ಪಾಲಿಗೆ ಉಳಿಯಿತು. ಸುಣ್ಣಕ್ಕೆ ನಯವಾದ ಮರಳು ಬೆರೆಸಿ ಮೊಂಡು ಮೂತಿಗೆ ಚಿಟಿಕೆಯಷ್ಟು ಒತ್ತಿದ. ಮೊದಲ ಸಲ ಗಿಳಿಯಾಯಿತು. ಎರಡನೆಯ ಸಲ ಬಾತುಕೋಳಿ. ಕೆಳಗಿನಿಂದ ದೊಡ್ಡಮ್ಮ ಗೊಳ್ಳೆಂದು ನಕ್ಕಳು. ಮೂರನೆಯ ಸಲ ಕರಣೆ ಬದಿಗಿಟ್ಟು ಬರಿಗೈ ಮುಂದೆ ಮಾಡಿದಾಗ, ಇಷ್ಟು ವರ್ಷ ಪ್ರಾರ್ಥನೆಯ ಪುಸ್ತಕ ನೋಡಿ ಓದುತ್ತಿದ್ದ ದೇವರ ಹೆಸರು ತಾನಾಗಿಯೇ ಬಾಯಿಗೆ ಬಂತು. ಕೊಕ್ಕು ಕೂತಿತು. ಕಾಳಿನ್ನೂ ಬಾಕಿಯಿತ್ತು. ಊಟಕ್ಕೆ ಕರೆದರೂ ಅವನು ಇಳಿಯಲಿಲ್ಲ.