ಧಕ್ಕೆಯ ಎಲ್ವೀರಾ

"ಎಡಕ್ಕೆ, ಎಡಕ್ಕೆ! ತಲೆ ಕಡೆ ಎತ್ರೋ ಸ್ವಲ್ಪ!"

ಎಲ್ವೀರಾಳ ಶವಪೆಟ್ಟಿಗೆ ದೋಣಿಯ ಅಂಚಿಗೆ ತಾಗಿ ದಡ್ ಎಂದಿತು. ಹಗ್ಗ ಹಿಡಿದಿದ್ದ ತಮ್ಮ ಆಟಿಲಿಯೊಗೆ ತನ್ನ ಪಕ್ಕೆಗೇ ಪೆಟ್ಟು ಬಿದ್ದಂತಾಯಿತು. ಅವನ ಗಾಜಿನ ಕುಲುಮೆಯ ಕೆಲಸಗಾರ ರೆಂಜೊ ನೀರಿಗೆ ಬೀಳುವಷ್ಟು ಬಗ್ಗಿ ಪೆಟ್ಟಿಗೆಯನ್ನು ಒಳಗೆ ಜಾರಿಸಿದ.

"ಅಕ್ಕ ಹಗುರ ಇದಾಳೆ ಮೇಸ್ತ್ರಿ," ಎಂದ, ಏನಾದರೂ ಹೇಳಬೇಕಲ್ಲ ಅಂತ.

ಅಷ್ಟು ಹೊತ್ತಿಗೆ ವೆನಿಸ್ಸಿನಿಂದ ಬಂದ ಲಾಂಚು ದೋಣಿಗಳು ನಿಲ್ಲುವ ಪಕ್ಕದ ಧಕ್ಕೆಗೆ ತಾಗಿತು. ಅದನ್ನು ನಡೆಸುವವನು ಟೋಪಿ ತೆಗೆದು, ಉದ್ದಕ್ಕೆ ಒಮ್ಮೆ ಹಾರ್ನ್ ಹಾಕಿದ. ಮುರಾನೊ ದ್ವೀಪದ ಗಾಜಿನ ಕೆಲಸ ನೋಡಲು ಬಂದ ಪ್ರವಾಸಿಗರು ಇಳಿದವರೇ, ಹೂವಿನ ದೋಣಿ ಕಂಡು ಫೋನು ಎತ್ತಿ ಹಿಡಿದರು.

"ನಾಚ್ಕೆ ಇಲ್ದೋರು," ಎಂದ ರೆಂಜೊ.

"ತೆಗ್ದುಕೊಳ್ಲಿ ಬಿಡೋ," ಎಂದಳು ನೊಯೆಮಿ. ಧಕ್ಕೆಯ ಎದುರಿನ ಬಾರು ಅವಳದು. ಅದರ ಮೇಲಿನ ಕೋಣೆಯಲ್ಲೇ ಎಲ್ವೀರಾ ಇದ್ದದ್ದು. "ಅವಳಿದ್ದಿದ್ರೆ ಫೋಟೋ ತೆಗೆಯೋರ ತೋಳು ಹಿಡ್ಕೊಂಡೇ ಕುಲುಮೆಗೆ ಎಳ್ಕೊಂಡು ಹೋಗೋಳು."

ಎಲ್ಲರೂ ನಕ್ಕರು. ಆಟಿಲಿಯೊ ನಗಲಿಲ್ಲ.

ಎಲ್ವೀರಾಳ ಕೆಲಸ ಅದೇ ಆಗಿತ್ತು. ಲಾಂಚು ಬಂದಾಗಲೆಲ್ಲ ಧಕ್ಕೆಯ ಒದ್ದೆ ಹಲಗೆಯ ಮೇಲೆ ನಿಂತು, ಇಳಿದವರನ್ನು ತಮ್ಮನ ಕುಲುಮೆಗೆ ಕರೆಯುವುದು. ಬೂಟು ನೋಡಿ ಯಾವ ದೇಶದವರೆಂದು ಹೇಳುತ್ತಿದ್ದಳು, ಆ ದೇಶದ ಮಾತಿನಲ್ಲೇ ಕೂಗುತ್ತಿದ್ದಳು. ಮಂಜಿನಲ್ಲಿ, ಬಿಸಿಲಿನಲ್ಲಿ, ಕಾಲುವೆ ಉಕ್ಕಿ ಮೊಣಕಾಲಿಗೆ ಬಂದಾಗ ರಬ್ಬರು ಬೂಟು ಹಾಕಿಕೊಂಡು. ಮದುವೆಯಾಗಲಿಲ್ಲ. ಹೋದ ವಾರ ಶೀತ ಎದೆಗಿಳಿಯಿತು, ಹೋದಳು.

*

ಸ್ಮಶಾನದ ದ್ವೀಪ ದೂರವೇನಲ್ಲ. ಹಾದಿಯುದ್ದಕ್ಕೂ ರೆಂಜೊ ಹಳೆಯದನ್ನು ನೆನೆಸಿಕೊಂಡು ಮಾತಾಡುತ್ತಲೇ ಇದ್ದ. ಗುಂಡಿಯ ಬಳಿ ಪಾದ್ರಿ ದೊನ್ ಸಿಲ್ವಾನೊ ಪುಸ್ತಕ ಮುಚ್ಚಿ, ಗಂಟಲು ಸರಿಪಡಿಸಿಕೊಂಡ.

"ಎಲ್ವೀರಾಗೆ ತನಗೆ ಅಂತ ಏನೂ ಬೇಕಿರಲಿಲ್ಲ. ನಾನು ಈ ಊರಿಗೆ ಬಂದ ಮೊದಲ ದಿನ ನನ್ನನ್ನೂ ಪ್ರವಾಸಿ ಅಂದುಕೊಂಡು ಕುಲುಮೆಗೆ ಎಳೆದುಕೊಂಡು ಹೋದಳು. ಕಿಟಕೀಲಿ ಇಟ್ಟ ಒಂದು ಲೋಟ ತೋರಿಸಿ, 'ಇದನ್ನ ನನ್ನ ತಮ್ಮ ಹದಿನಾರನೇ ವಯಸ್ಸಲ್ಲಿ ಮಾಡಿದ್ದು ಫಾದರ್, ನೋಡಿ ಹೇಗಿದೆ' ಅಂದಳು. ಇನ್ನೊಬ್ಬರ ಮೇಲಿನ ಹೆಮ್ಮೆಯಲ್ಲೇ ಬದುಕು ಪೂರ್ತಿ ಕಳೆಯೋದು ಸಣ್ಣ ಮಾತಲ್ಲ."

ಜನ ಆಟಿಲಿಯೊನ ಕಡೆ ತಿರುಗಿ ತಲೆದೂಗಿದರು. ಯಾರೋ ಭುಜ ತಟ್ಟಿದರು. ಅವನು ಒಂದು ಹಿಡಿ ಮಣ್ಣು ಹಾಕಲು ಬಗ್ಗಿದವನು, ಎದ್ದೇಳಲು ರೆಂಜೊನ ಕೈ ಹಿಡಿಯಬೇಕಾಯಿತು.

*

ಆಟಿಲಿಯೊಗೆ ಹದಿನಾರು ತುಂಬಿದ ವರ್ಷ, ಜುಲೈ ಕೊನೆ. ಬೇಸಿಗೆ ರಜೆಗೆ ಕುಲುಮೆ ಆರಿಸುವ ಮೊದಲಿನ ಭಾನುವಾರ. ಗಂಡಸರೆಲ್ಲ ಕುಡಿಯಲು ಹೋಗಿದ್ದರು. ಮೂಸೆಯ ತಳದಲ್ಲಿ ಇನ್ನೂ ಕರಗಿದ ಗಾಜು ಉಳಿದಿತ್ತು.

"ಬಾಗ್ಲು ನೋಡ್ಕೊಳೋ," ಎಂದು ಎಲ್ವೀರಾ ಊದುಗೊಳವೆ ತೆಗೆದುಕೊಂಡಳು.

ಅದೇನು ಮೊದಲ ಸಲವಲ್ಲ. ಎರಡು ಬೇಸಿಗೆಯಿಂದ, ಅಪ್ಪ ಇಲ್ಲದಾಗ, ತಮ್ಮನನ್ನು ಕಾವಲಿಟ್ಟು ಅವಳು ಊದುತ್ತಿದ್ದಳು. ಮಾಡಿದ್ದನ್ನೆಲ್ಲ ಒಡೆದು ಚೂರುಗಳ ಬುಟ್ಟಿಗೆ ಹಾಕುತ್ತಿದ್ದಳು. ಮುರಾನೊದಲ್ಲಿ ಹೆಂಗಸು ಕುಲುಮೆಯ ಮುಂದೆ ಕೂರುವುದೆಂದರೆ ಆ ಕಾಲಕ್ಕೆ ಇಗರ್ಜಿಯಲ್ಲಿ ಪಾದ್ರಿಯ ಜಾಗದಲ್ಲಿ ಪೂಜೆ ಮಾಡಲು ನಿಂತ ಹಾಗೆ. ಆ ದಿನ ಮಾತ್ರ ಅವಳ ಕೈಯಿಂದ ಒಂದು ಲೋಟ ಬಂತು. ಹಿಡಿ ಇಲ್ಲ, ಹೂವಿಲ್ಲ, ಬರೀ ಲೋಟ. ಫೆಬ್ರವರಿಯ ಚಳಿಯಲ್ಲಿ ಕಾಲುವೆಯ ನೀರಿನ ಬಣ್ಣ. ಅಂಚು ಎಷ್ಟು ತೆಳುವಾಗಿತ್ತೆಂದರೆ ಇಬ್ಬರೂ ಸ್ವಲ್ಪ ಹೊತ್ತು ಉಸಿರು ಬಿಡಲಿಲ್ಲ.

"ಇದನ್ನ ಒಡೆಯಲ್ಲ," ಎಂದಳು. ಆರಲು ಗೂಡಿನಲ್ಲಿಟ್ಟಳು, ಬೆಳಿಗ್ಗೆ ಬೇಗ ಬಂದು ತೆಗೆಯೋಣವೆಂದು.

ಅಪ್ಪ ಗಸ್ತೋನೆ ಅವರಿಗಿಂತ ಬೇಗ ಬಂದಿದ್ದ.

"ಯಾರು ಮಾಡಿದ್ದು ಇದು?"

ತಿಂಡಿಯ ಬುಟ್ಟಿ ಹಿಡಿದು ಎಲ್ವೀರಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಅಪ್ಪನ ಸೊಂಟದ ಬೆಲ್ಟು ಎಂಥದೆಂದು ಇಬ್ಬರಿಗೂ ಗೊತ್ತಿತ್ತು.

"ನಾನು," ಎಂದ ಆಟಿಲಿಯೊ.

ಹೊಡೆತಕ್ಕೆ ಮೈ ಬಿಗಿಹಿಡಿದು ನಿಂತ. ಅಪ್ಪ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಮತ್ತೆ ತಿರುಗಿಸಿದ. ಯಾವತ್ತೂ ಅವನನ್ನು ಕೆಲಸ ಬಾರದ 'ಮಣ್ಣುಗೈ' ಎಂದೇ ಕರೆಯುತ್ತಿದ್ದವನು ಹತ್ತಿರ ಬಂದು ಅವನ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ.

"ಕೊನೆಗೂ ನನ್ನ ಮಗ ಅನ್ನಿಸ್ಕೊಂಡ್ಯಲ್ಲೋ."

ಆ ಅಂಗಿಗೆ ಬೆವರು, ಹೊಗೆಸೊಪ್ಪಿನ ವಾಸನೆ. ಆಟಿಲಿಯೊಗೆ ಅಲ್ಲಿಂದ ತಲೆ ತೆಗೆಯಲು ಮನಸ್ಸಾಗಲಿಲ್ಲ.

ಸಂಜೆ ಕಾಲುವೆಯ ಮೆಟ್ಟಿಲ ಮೇಲೆ ಅವನೇ ಮಾತೆತ್ತಿದ. "ನಾಳೆ ಹೇಳ್ತೀನಿ ಕಣೆ ಅಪ್ಪಂಗೆ."

"ಬೇಡ ಬಿಡೋ. ಹೊಡೆಸ್ಕೊಳೋದು ತಪ್ತಲ್ಲ," ಎಂದು ಅವಳು ನಕ್ಕಳು. ನಕ್ಕಳೆಂದೇ ಅವನು ಸುಮ್ಮನಾದ.

*

ಅಪ್ಪ ಸತ್ತು ಕುಲುಮೆ ಆಟಿಲಿಯೊನ ಹೆಸರಿಗೆ ಬಂದ ಮೇಲೆ ಒಂದು ಸಲ, ಒಂದೇ ಸಲ, ಅವಳು ಕೇಳಿದ್ದಳು. ಧಕ್ಕೆಯಿಂದ ಬಂದು, ಒದ್ದೆ ಕೋಟು ಬಿಚ್ಚದೆ, ಬೆಂಕಿಯ ಬಾಯಿ ನೋಡುತ್ತ ನಿಂತಿದ್ದಳು.

"ಭಾನುವಾರ ನಾನೊಂದು ಊದ್ಲೇನೋ? ಯಾರೂ ಇರಲ್ಲ."

ಈಗ ಬೆಲ್ಟಿನ ಭಯವಿರಲಿಲ್ಲ. ಬಾಗಿಲು ಕಾಯುವುದೂ ಬೇಕಿರಲಿಲ್ಲ. ಆದರೆ ಅವನೊಳಗೆ ಬೇರೊಂದು ಭಯ ಇತ್ತು: ಅವಳು ಈಗಲೂ ಊದಿಬಿಟ್ಟರೆ? ಅಂಥದೇ ಇನ್ನೊಂದು ಬಂದುಬಿಟ್ಟರೆ?

"ಕೆಲಸದವ್ರಿಗೆ ಗೊತ್ತಾದ್ರೆ ನಗ್ತಾರೆ ಕಣೆ. ಈ ವಯಸ್ಸಲ್ಲಿ ಯಾಕೆ ನಿಂಗೆ?"

"ಅದೂ ಹೌದು," ಎಂದಳು ಎಲ್ವೀರಾ. ಹೊರಗೆ ಲಾಂಚಿನ ಸದ್ದು ಕೇಳಿಸಿತು. ಓಡಿದಳು.

*

ಮಣ್ಣು ಮುಗಿಸಿ ಬಂದವರು ನೊಯೆಮಿಯ ಬಾರಿನಲ್ಲಿ ಸೇರಿದರು. ಗಡಿಗೆಯ ಬಿಳಿ ವೈನು, ಒಣಮೀನು ಅರೆದು ಸವರಿದ ಬ್ರೆಡ್ಡು. ಎರಡನೇ ಸುತ್ತಿಗೆ ದನಿಗಳು ಏರಿದವು.

"ಅಕ್ಕನ ಹೆಸರಲ್ಲಿ, ಆ ಲೋಟದ ಹೆಸರಲ್ಲಿ!" ಎಂದು ರೆಂಜೊ ಎದ್ದು ನಿಂತ. "ಕಿಟಕೀಲಿರೋ ಮೇಸ್ತ್ರಿ ಲೋಟದ ಹೆಸರಲ್ಲಿ!"

"ಅದು ನಾನು ಮಾಡಿದ್ದಲ್ಲ," ಎಂದ ಆಟಿಲಿಯೊ.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಅವನು ಮೇಜು ಹಿಡಿದು ಎದ್ದ.

"ಆ ಲೋಟ ಎಲ್ವೀರಾ ಮಾಡಿದ್ದು. ನಾನು ಬಾಗಿಲು ಕಾದೆ, ಅಷ್ಟೇ. ಅಪ್ಪ ಕೇಳ್ದಾಗ ನಾನು ಅಂದುಬಿಟ್ಟೆ. ಆಮೇಲೆ... ಆಮೇಲೆ ಹೇಳ್ಲೇ ಇಲ್ಲ."

ರೆಂಜೊನ ಕಣ್ಣು ತುಂಬಿ ಬಂತು.

"ನೋಡ್ರಪ್ಪ, ಎಂಥ ಮನಸ್ಸು! ತನ್ನ ಹೆಸರನ್ನೂ ಅಕ್ಕನ ಗೋರಿ ಮೇಲಿಡ್ತಾರೆ ನಮ್ಮ ಮೇಸ್ತ್ರಿ!"

"ನಿಜ ಹೇಳ್ತಿದೀನೋ ಕತ್ತೆ!"

"ಆಯ್ತು ಮೇಸ್ತ್ರಿ, ಆಯ್ತು. ಕೂತ್ಕೊಳಿ." ಲೋಟಗಳು ಮೇಲೆದ್ದವು. ಈ ಸಲ ಅವನ ಹೆಸರಿಗೇ.

ನೊಯೆಮಿ ಮಾತ್ರ ಲೋಟ ಎತ್ತಲಿಲ್ಲ. ಒರೆಸುವ ಬಟ್ಟೆ ಕೆಳಗಿಟ್ಟು, ಗಲ್ಲಾದ ಹಿಂದಿನಿಂದ ಬಂದು ಅವನ ಎದುರಿಗೇ ನಿಂತಳು. ಆಟಿಲಿಯೊಗೆ ಆಸೆಯಾಯಿತು. ಇವಳೊಬ್ಬಳಾದರೂ ನಂಬಿ, ಮುಖಕ್ಕೆ ಉಗಿದರೆ ಸಾಕು ಅನ್ನಿಸಿತು.

"ಏನ್ ಮಾತಾಡ್ತಿದೀಯ ನೀನು? ರಾತ್ರಿ ಊಟ ನಾವು ಒಟ್ಗೇ ಮಾಡ್ತಿದ್ವಿ. ನನ್ ಹತ್ರ ಅವಳು ಏನೂ ಮುಚ್ಚಿಟ್ಟೋಳಲ್ಲ. 'ತಮ್ಮ ಮಾಡಿದ್ದು, ನನ್ ತಮ್ಮ ಮಾಡಿದ್ದು' ಅಂತ ಊರೂರಿನವ್ರಿಗೆಲ್ಲ ಗಂಟಲು ಹರ್ಕೊಂಡು ಹೇಳಿದ್ಲು. ಇವತ್ತು ಮಣ್ಣು ಮಾಡಿ ಬಂದು ಅವಳನ್ನ ಸುಳ್ಳಿ ಮಾಡ್ತೀಯಾ?"

ಎಲ್ವೀರಾ ಸುಳ್ಳು ಹೇಳಿದ್ದಳು, ಅದೂ ಅವನಿಗಾಗಿ. ಈಗ ನಿಜ ಹೇಳಿದರೆ ಉಳಿಯುವುದು ಅವಳ ಸುಳ್ಳು ಒಂದೇ.

"ಇಲ್ಲ ಬಿಡು," ಎಂದ. "ವೈನು ತಲೆಗೇರ್ತು."

ಟೋಪಿ ತೆಗೆದುಕೊಂಡು ಹೊರಗೆ ಬಂದ.

ಧಕ್ಕೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷದಲ್ಲಿ ಅವನು ಅಲ್ಲಿ ಲಾಂಚು ಹತ್ತಿದ್ದ, ಇಳಿದಿದ್ದ, ನಿಂತವನಲ್ಲ. ನೀರು ಹಲಗೆಯ ಸಂದಿನಿಂದ ಉಕ್ಕಿ ಬೂಟಿಗೆ ತಾಕುತ್ತಿತ್ತು. ಕಾಲು ತಣ್ಣಗಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಲಾಂಚು ಬಂತು. ಗುಂಪೊಂದು ಇಳಿದು ಅತ್ತ ಇತ್ತ ನೋಡಿತು. ಒಬ್ಬಳು ನಕಾಶೆ ಬಿಡಿಸಿ, ತಿರುಗಿಸಿ, ಮತ್ತೆ ತಿರುಗಿಸಿದಳು. ಆಟಿಲಿಯೊ ಅವರ ಬೂಟು ನೋಡಿದ. ಏನೂ ತಿಳಿಯಲಿಲ್ಲ. ಕೂಗಲು ಎದೆ ತುಂಬ ಉಸಿರು ಎಳೆದುಕೊಂಡ, ಕುಲುಮೆಯ ಕಡೆ ಕೈ ಎತ್ತಿದ. ದನಿ ಹೊರಡಲಿಲ್ಲ.

ಮುದುಕನೊಬ್ಬ ತಮ್ಮನ್ನು ಸ್ವಾಗತಿಸುತ್ತಿದ್ದಾನೆಂದು ಅವರಿಗೆ ಅನ್ನಿಸಿರಬೇಕು. ನಗುತ್ತ ತಾವೂ ಕೈ ಬೀಸಿದರು. ಬೀಸುತ್ತಲೇ ಅವನನ್ನು ದಾಟಿ, ಸೇತುವೆ ಹತ್ತಿ, ಇನ್ನೊಂದು ಕಡೆಗೆ ಇಳಿದು ಹೋದರು. ಆಟಿಲಿಯೊನ ಕೈ ಇನ್ನೂ ಮೇಲೆಯೇ ಇತ್ತು.