ಬೆರಳಿಡದ ಜಾಗ

ನೊಣವೊಂದು ಗೋಡೆಯ ಮೇಲೆ ಕೂತಿದೆ, ಪ್ರೊಜೆಕ್ಟರಿನಿಂದ ಅಲ್ಲಿ ಬಿದ್ದಿರುವ ನಕ್ಷೆಯಲ್ಲಿ ಸರಿಯಾಗಿ ಆ ಖಾಲಿ ಜಾಗದಲ್ಲೇ, ಅದಕ್ಕೇನು ಗೊತ್ತು ಪಾಪ, ಕಾಂಚನಾ ಅದನ್ನೇ ನೋಡುತ್ತಾಳೆ, ಪಕ್ಕದಲ್ಲಿ ತಿಪ್ಪೇರುದ್ರಪ್ಪ ಸಾಹೇಬರು ಚಹಾ ಹೀರುತ್ತ, ಅಲ್ಲಾ ಮೇಡಂ, ಈ ಹಟ್ಟಿ ಸುತ್ತ ಎಲ್ಲಾ ಕಡೆ ಜನ ಗುರುತು ಹಾಕ್ಯಾರೆ, ಇಲ್ಲಿ ಮಾತ್ರ ಒಂದೂ ಇಲ್ಲ, ಅಂದ್ರೆ ಯಾರದೂ ತಕರಾರಿಲ್ಲ, ಕಸ ಸುರಿಯೋಕೆ ಇದೇ ಜಾಗ ಅಂತ ಮೇಲಕ್ಕೆ ಕಳಿಸಿಬಿಡಾನ — ತಕರಾರಿಲ್ಲ, ಎಷ್ಟು ಸಲೀಸಾಗಿ ಅಂದುಬಿಟ್ಟರು, ಈ ಚಳ್ಳಕೆರೆ ಕಚೇರಿಯಲ್ಲಿ ಇದೇ ಗೋಡೆಯ ಮುಂದೆ ನಿಂತು ಅವರಿಗೆಲ್ಲ ಕಲಿಸಿದವಳು ಅವಳೇ, ಜನ ಅರ್ಜಿ ಹಿಡಿದು ಅಲೆಯುವುದು ಬೇಡ ಸಾರ್, ಮೊಬೈಲಿನಲ್ಲಿ ನಕ್ಷೆ ತೆಗೆದು ತಾವು ಉಳಿಸಿಕೊಳ್ಳಬೇಕಾದ ಜಾಗದ ಮೇಲೆ ಬೆರಳಿಟ್ಟರೆ ಸಾಕು, ಇದ್ಯಾವ ಹೊಸ ತಲೆನೋವು ಎಂದು ಗೊಣಗಿದ ಗುಮಾಸ್ತರು ಕೂಡ ಈಗ ಬಂದವರಿಗೆಲ್ಲ ತೆಗೆದು ತೋರಿಸುತ್ತಾರೆ, ಅದನ್ನು ಕಂಡು ಅವಳ ಎದೆ ಉಬ್ಬಿದ್ದೂ ನಿಜ, ಆ ಹೆಮ್ಮೆಯಲ್ಲೇ ಮೊಳಕಾಲ್ಮೂರಿನ ಬಸ್ಸು ಹತ್ತಿ ತನ್ನ ಹಟ್ಟಿಗೂ ಹೋಗಿ ಮೊದಲು ಅವ್ವನ ಕೈಗೇ ಮೊಬೈಲು ಕೊಟ್ಟಳಲ್ಲ, ಪಾಲಮ್ಮ ಅದನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಹಿಡಿದು, ಬಾವಿ ಇಲ್ಲೈತೆ, ಹುಣಸೆಮರ ಇಲ್ಲೈತೆ, ಕುರಿ ಹೋಗೋ ದಾರಿ ಇದು ಎಂದು ಒಂದೊಂದನ್ನೂ ಒತ್ತುತ್ತ ಮೂಡಲಿಗೆ ಸರಿದ ಆ ಬೆರಳು, ಈಗ ನೊಣ ಕೂತಿರುವ ಆ ಜಾಗದ ಮೇಲೆ ಬಂದಿದ್ದೇ ತಡ, ಮಡಚಿಕೊಂಡಿತು. ಯಾಕವ್ವ? ದೇವರ ಎತ್ತುಗಳನ್ನ ಮಣ್ಣು ಮಾಡಿರೋ ಜಾಗ ಕಣೆ, ಅದಕ್ಕೆ ಬೆಟ್ಟು ತೋರಿಸಬಾರ್ದು, ಮರೆತೆಯಾ? ಮರೆತಿರಲಿಲ್ಲ, ಚಿಕ್ಕವಳಿದ್ದಾಗ ಒಮ್ಮೆ ತೋರಿಸಿದ್ದಕ್ಕೆ ಅವ್ವ ರಪ್ಪನೆ ಕೈಗೆ ಹೊಡೆದು, ಕಚ್ಚಿಕೋ ಬೆಟ್ಟು, ಕಚ್ಚಿಕೋ ಅಂದಿದ್ದಳು, ಆದರೂ ಅವತ್ತು ಅವಳಿಗೆ ಹೊಳೆಯಲೇ ಇಲ್ಲ, ಹಟ್ಟಿಯವರೆಲ್ಲ ಹೀಗೇ ಬೆರಳು ಮಡಚಿದರೆ ನಕ್ಷೆಯಲ್ಲಿ ಉಳಿಯುವುದೇನು ಎಂದು.

ಹೇಳಿದಳು, ಎಲ್ಲವನ್ನೂ ಹೇಳಿದಳು, ಸಾಹೇಬರು ಕೆಟ್ಟವರಲ್ಲ, ಲೋಟ ಕೆಳಗಿಟ್ಟರು, ನಂಗೆ ಅರ್ಥ ಆಗ್ತದಮ್ಮ, ಆದ್ರೆ ಮೇಲಿನವರು ನೋಡೋದು ನಕ್ಷೇನ, ನನ್ನ ಮಾತನ್ನಲ್ಲ, ಕಾಗದದ ಅರ್ಜಿ ಬೇಡ, ಎಲ್ಲಾ ಇದರಲ್ಲೇ ಅಂತ ನೀವೇ ಹೇಳಿಕೊಟ್ಟಿದ್ದು, ಸಂಜೆಗೆ ಗುರುತು ಹಾಕೋದು ಮುಚ್ಚಿಬಿಡ್ತದೆ, ನೀವೂ ಅದೇ ಹಟ್ಟಿಯವರಲ್ವಾ, ಒಂದು ಗುರುತು ಹಾಕಿದ್ರೂ ಸಾಕು, ಜಾಗ ತಡೆದು ಹಿಡೀತೀನಿ — ಒಂದು ಗುರುತು, ಅವಳು ಹೊರಗೆ ಬಂದು ಅವ್ವನಿಗೆ ಫೋನು ಮಾಡುತ್ತಾಳೆ, ಕಸದ ಲಾರಿ ಬರ್ತಾವವ್ವ ಅಲ್ಲಿಗೆ, ಆ ಕಡೆ ಬರೀ ಉಸಿರು, ಆಮೇಲೆ ಸಣ್ಣ ದನಿಯಲ್ಲಿ, ಅದು ಉಳೀಬೇಕಂದ್ರೆ ಬೆಟ್ಟು ಇಡಲೇಬೇಕಾ, ಹೂಂನವ್ವ, ಮತ್ತೆ ಉಸಿರು, ಬೇಡ ಅನ್ನಲಿಲ್ಲ, ಇಡು ಅಂತಲೂ ಅನ್ನಲಿಲ್ಲ, ಅವ್ವ ಫೋನು ಇಟ್ಟಳು, ಅವಳಾದರೂ ಯಾವ ಬಾಯಲ್ಲಿ ಹೇಳಿಯಾಳು, ದೇವರೇ, ಜನ ಮಾತಾಡಲಿ ಎಂದು ಊರೂರು ತಿರುಗಿದ್ದು ನಾನು, ಸುಮ್ಮನಿರುವುದೂ ಒಂದು ಮಾತು ಎಂದು ಈ ಗೋಡೆಗೆ ಹೇಗೆ ಕಲಿಸಲಿ, ಒಳಗೆ ಬಂದರೆ ಎಲ್ಲರೂ ಕಾಯುತ್ತಿದ್ದಾರೆ, ನೊಣ ಹಾರಿಹೋಗಿದೆ, ಜಾಗ ಬರಿದಾಗಿ ಹಸಿರಾಗಿ ಬಿದ್ದಿದೆ, ಚಪ್ಪಲಿ ಯಾವಾಗ ಕಳಚಿದಳೋ ಕಾಲಿಗೆ ನೆಲ ತಣ್ಣಗೆ ತಾಗುತ್ತಿದೆ, ಮೊಬೈಲಿನಲ್ಲಿ ಆ ಜಾಗವನ್ನು ಒತ್ತಿದಳು, ಗೋಡೆಯ ಮೇಲೆ ಕೆಂಪು ಗುರುತು ಬಿತ್ತು, ಯಾರೋ ಸದ್ಯ ಅಂದರು, ಅವಳ ಬೆರಳು ತಾನಾಗಿ ಹಲ್ಲಿನ ನಡುವೆ ಹೋಗಿದೆ, ಕಚ್ಚಿದರೂ ನೋವಾಗುತ್ತಿಲ್ಲ, ಕಣ್ಣಿಗೆ ಗುರುತೂ ಕಾಣುತ್ತಿಲ್ಲ, ಕಾಣುವುದು ಅವ್ವನ ಬೆರಳು, ಮೂಡಲಿಗೆ ಸರಿದು, ನಿಂತು, ಮಡಚಿಕೊಂಡ ಆ ಬೆರಳು.